ಮೂವತ್ತು ಲೆಕ್ಕದ ಟೀಚರ್

ಮೂರನೇ ಕ್ಲಾಸಿನ ಟೀಚರಿಗೆ ಎರಡು ಹೆಮ್ಮೆಗಳಿದ್ದವು. ದಿನಕ್ಕೆ ಮೂವತ್ತು ಲೆಕ್ಕ ಹೋಮ್‌ವರ್ಕ್ ಕೊಟ್ಟು, ಮರುದಿನ ಒಂದನ್ನೂ ಬಿಡದೆ ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು, ಅದು ಮೊದಲನೆಯದು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಒಂದು ಮಗುವಿನ ಮೇಲೂ ಕೈ ಎತ್ತಿರಲಿಲ್ಲ, ಅದು ಎರಡನೆಯದು. ಈ ಎರಡನೆಯದನ್ನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದ್ದರೆಂದರೆ, ಅವರು ಬಾಯಿ ತೆರೆದ ಕೂಡಲೇ ಪಿ.ಟಿ. ಮೇಷ್ಟ್ರಿಗೆ ಬಾಯಾರಿಕೆಯಾಗಿ ಎದ್ದು ಹೋಗುತ್ತಿದ್ದರು. ಹೆಮ್ಮೆಯೇನೋ ಸುಳ್ಳಲ್ಲ. ಕೈ ಎತ್ತಿರಲಿಲ್ಲ, ಪೆನ್ನು ಎತ್ತಿದ್ದರು.

ಎರಡನೇ ಬೆಂಚಿನಲ್ಲಿ ಕೂರುವ ಪುಟ್ಟ ಹುಡುಗಿಯನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಆ ಸೋಮವಾರ ಗುಬ್ಬಿಯ ಕೈಯಿಂದ ಪೆನ್ಸಿಲ್ ಮೂರು ಸಲ ಬಿತ್ತು. ಟೀಚರ್ ಹತ್ತಿರ ಹೋಗಿ ನೋಡಿದರೆ ಬಲಗೈ ಬೆರಳುಗಳು ಊದಿ, ಗೆಣ್ಣುಗಳೇ ಕಾಣುತ್ತಿರಲಿಲ್ಲ. ಅಂಗೈ ಉದ್ದಕ್ಕೂ ನೇರಳೆ ಬಣ್ಣದ ಬರೆಗಳು.

"ಏನಾಯ್ತೇ ಇದು?"

"ಬಾಗಿಲಿಗೆ ಸಿಕ್ಕಿಕೊಳ್ತು, ಮಿಸ್."

ಪಕ್ಕದಲ್ಲಿ ಕೂರುವವಳು ಕ್ಲಾಸಿಗೇ ಹೆಸರಾದ ಬಾಯಿಬಡುಕಿ. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ? "ಬಾಗಿಲೂ ಅಲ್ಲ, ಏನೂ ಅಲ್ಲ ಮಿಸ್. ನೀವು ಎಷ್ಟು ತಪ್ಪು ಹಾಕ್ತೀರೋ ಅಷ್ಟು ಏಟು ಕೊಡ್ತಾರೆ ಇವಳಪ್ಪ. ಇವಳೇ ಎಣಿಸಬೇಕು. ಎಣಿಕೆ ತಪ್ಪಿದ್ರೆ ಮೊದಲಿಂದ."

ಗುಬ್ಬಿ ತಲೆ ಎತ್ತಲಿಲ್ಲ. ಕೈಯನ್ನು ಮಾತ್ರ ಬೆಂಚಿನ ಕೆಳಗೆ ಇಳಿಸಿದಳು.

ಊಟದ ಬಿಡುವಿನಲ್ಲಿ ಟೀಚರ್ ಡಬ್ಬಿ ಬಿಚ್ಚದೆ ಗುಬ್ಬಿಯ ಪುಸ್ತಕ ಬಿಚ್ಚಿದರು. ಶುಕ್ರವಾರದ ಪುಟದಲ್ಲಿ ಅವರದೇ ಮುದ್ದಾದ ಅಕ್ಷರ: ಮೂವತ್ತಕ್ಕೆ ಹನ್ನೆರಡು. ಅದರ ಕೆಳಗೆ, "ಮನೆಯಲ್ಲಿ ಚೆನ್ನಾಗಿ ಅಭ್ಯಾಸ ಮಾಡಿಸಿ." ಅಂದರೆ ಹದಿನೆಂಟು. ಗುರುವಾರ ಹದಿನಾಲ್ಕು, ಬುಧವಾರ ಹದಿನೇಳು. ಕೆಂಪು ಶಾಯಿಯಲ್ಲಿ ತಾವು ದಿನವೂ ತೀರ್ಪು ಬರೆದು ಕಳಿಸಿದ್ದರು. ಜಾರಿ ಮಾಡುವವನು ಮನೆಯಲ್ಲಿ ಕಾಯುತ್ತಿದ್ದ.

ಆಮೇಲೆ ಲೆಕ್ಕಗಳನ್ನೇ ನೋಡಿದರು. ಐವತ್ತೆರಡರಲ್ಲಿ ಮೂವತ್ತೆಂಟು ಕಳೆದರೆ ಇಪ್ಪತ್ತಾರು ಎಂದು ಬರೆದಿದ್ದಳು. ಎರಡರಿಂದ ಎಂಟು ಹೋಗುವುದಿಲ್ಲವಲ್ಲ, ಅದಕ್ಕೆ ಎಂಟರಿಂದಲೇ ಎರಡು ಕಳೆದಿದ್ದಳು. ಪಕ್ಕದ ಮನೆಯಿಂದ ಹತ್ತು ತರಬೇಕೆನ್ನುವುದು ಹುಡುಗಿಯ ತಲೆಗೆ ಹೋಗಿಯೇ ಇರಲಿಲ್ಲ. ಹದಿನೆಂಟೂ ಅದೇ. ತಪ್ಪು ಒಂದೇ, ಏಟು ಹದಿನೆಂಟು. ಒಂದು ಲೆಕ್ಕ ನೋಡಿ ಹೇಳಿಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದ್ದು ತಪ್ಪನ್ನೇ!

ಹೆಡ್ ಮೇಷ್ಟ್ರು ಎಲ್ಲ ಕೇಳಿ ಕನ್ನಡಕ ಒರೆಸಿಕೊಂಡರು. "ಅವರ ಮನೆ ವಿಷಯ ಟೀಚರ್. ನಾವ್ಯಾಕೆ ತಲೆ ಹಾಕೋದು? ಆ ಮನುಷ್ಯ ಬಡಗಿ. ಕುಡಿಯಲ್ಲ, ಜೂಜಾಡಲ್ಲ. ಮಗಳು ಓದಲಿ ಅಂತ ಆಸೆ."

ಇಲ್ಲಿ ಟೀಚರ್ ಜಗಳಕ್ಕೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಸುಲಭದ ದಾರಿ ಹಿಡಿದರು. ಮರುದಿನದಿಂದ ಗುಬ್ಬಿಯ ಪುಸ್ತಕದಲ್ಲಿ ತಪ್ಪಿಗೂ ಸರಿ ಗುರುತು ಹಾಕತೊಡಗಿದರು. ಮೂವತ್ತಕ್ಕೆ ಮೂವತ್ತು. ಗುಬ್ಬಿ ಆ ಪುಟವನ್ನು ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು, ಕೊನೆಗೆ ಬೆರಳಿನಿಂದ ಉಜ್ಜಿಯೂ ನೋಡಿದಳು. ಬೆರಳುಗಳ ಊತ ಇಳಿಯಿತು. ಹತ್ತು ತರುವುದನ್ನು ನಾಳೆ ಹೇಳಿಕೊಡೋಣ, ನಾಡಿದ್ದು ಕೂರಿಸಿಕೊಳ್ಳೋಣ ಎಂದುಕೊಂಡೇ ಟೀಚರ್ ಒಂಬತ್ತು ದಿನ ಕಳೆದರು. ಏಟು ನಿಂತಿತಲ್ಲ, ಅವಸರವೇನು?

ಹತ್ತನೆಯ ದಿನ ಮೊದಲ ಪೀರಿಯಡ್ಡಿನಲ್ಲಿ ಬಾಗಿಲು ದಢಾರನೆ ತೆರೆಯಿತು. ಗುಬ್ಬಿಯ ಅಪ್ಪ ಒಳಗೆ ಬಂದ. ತೋಳಿನ ಕೂದಲಲ್ಲಿ ಇನ್ನೂ ಮರದ ಹೊಟ್ಟು ಅಂಟಿತ್ತು. ಒಂದು ಕಂಕುಳಲ್ಲಿ ಲೆಕ್ಕದ ಪುಸ್ತಕ, ಇನ್ನೊಂದು ಕೈಯಲ್ಲಿ ಎರಡಡಿ ಉದ್ದದ ಮರದ ರೀಪಿನ ತುಂಡು. ಅದನ್ನು ಕೀಸುಳಿ ಹಾಕಿ ನುಣುಪು ಮಾಡಿದ್ದ.

"ಐವತ್ತೆರಡು ಇಂಚಿನ ಹಲಗೆ," ಎಂದ. ದನಿ ಏರಿಸಲಿಲ್ಲ. "ಮೂವತ್ತೆಂಟು ಕೊಯ್ದೆ. ಎಷ್ಟುಳೀತು ಮಗಳೇ ಅಂತ ಬೆಳಗ್ಗೆ ಕೇಳಿದೆ. ಇಪ್ಪತ್ತಾರು ಅಂದಳು. ಟೇಪ್ ಹಿಡಿದು ತೋರಿಸಿದೆ, ಹದಿನಾಲ್ಕು. ಮಿಸ್ ಸರಿ ಅಂದಿದ್ದಾರಲ್ಲಪ್ಪ ಅಂತ ನನಗೇ ವಾದ! ಪುಸ್ತಕ ತೆಗೆದು ನೋಡಿದರೆ, ಪುಟ ಪೂರ್ತಿ ಸುಳ್ಳು."

"ತಪ್ಪು ನಂದು. ಕೂತ್ಕೊಳ್ಳಿ, ಮಾತಾಡೋಣ."

"ನಿಮ್ಮ ತಪ್ಪಿನ ಲೆಕ್ಕ ನೀವು ನೋಡ್ಕೊಳ್ಳಿ. ಇವಳದು ಒಂಬತ್ತು ದಿನದ್ದು ಬಾಕಿ ಇದೆ. ನೂರಾ ನಲವತ್ತೇಳು." ಗುಬ್ಬಿಯ ಕಡೆ ತಿರುಗಿದ. "ಕೈ."

ಗುಬ್ಬಿ ಎದ್ದು ನಿಂತು ಕೈ ಚಾಚಿದಳು. ಅಳಲಿಲ್ಲ, ಓಡಲಿಲ್ಲ. ಮೊದಲ ಏಟಿನ ಸದ್ದಿಗೆ ಕ್ಲಾಸೇ ಬೆಚ್ಚಿತು. "ಒಂದು," ಎಂದಳು. "ಎರಡು." ಮೂರನೆಯದಕ್ಕೆ ಅಂಗೈ ಒಡೆದು ರಕ್ತ ಬಂತು. "ಮೂರು." ಬಾಯಿಬಡುಕಿ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಿದ್ದಳು.

ನಾಲ್ಕನೆಯ ಏಟಿಗೆ ಟೀಚರ್ ತಮ್ಮ ಬಲಗೈ ಅಡ್ಡ ಹಿಡಿದರು. ಮಣಿಕಟ್ಟಿನಲ್ಲಿ ಲಟಕ್ಕೆಂದಿತು. ಕಣ್ಣಿಗೆ ಕತ್ತಲೆ ಕಟ್ಟಿತು.

"ಅಡ್ಡ ಬರಬೇಡಿ. ಎಣಿಕೆ ತಪ್ಪುತ್ತೆ," ಎಂದು ಅವರನ್ನು ಭುಜದಿಂದ ಆಚೆ ನೂಕಿ ಅವನು ಮತ್ತೆ ರೀಪು ಎತ್ತಿದ. ಗುಬ್ಬಿಯ ಕೈ ಚಾಚಿದ್ದು ಚಾಚಿದಂತೆಯೇ ಇತ್ತು.

ಮೇಜಿನ ಮೇಲೆ ಮರದ ಬೆನ್ನಿನ ಡಸ್ಟರ್ ಇತ್ತು. ಟೀಚರ್ ಎಡಗೈಯಲ್ಲಿ ಅದನ್ನು ಹಿಡಿದು ಅವನ ಮುಖಕ್ಕೆ ಬಾರಿಸಿದರು. ಹುಬ್ಬು ಒಡೆಯಿತು. ಅವನು ತತ್ತರಿಸಿ ಬೆಂಚು ಎಡವಿ ಬಿದ್ದ, ರೀಪು ಉರುಳಿಹೋಯಿತು. ಅಲ್ಲಿಗೆ ಸಾಕಿತ್ತು. ಟೀಚರಿಗೆ ಸಾಕಾಗಲಿಲ್ಲ. ಅವನ ಎದೆಯ ಮೇಲೆ ಮೊಣಕಾಲೂರಿ ಹೊಡೆದರು. ಹೊಡೆದಷ್ಟೂ ಹಿತವಾಯಿತು, ಇಪ್ಪತ್ತಾರು ವರ್ಷ ಕೂಡಿಟ್ಟಿದ್ದೆಲ್ಲ ಒಂದೇ ಸಲ ಹೊರಗೆ ಬರುತ್ತಿರುವ ಹಾಗೆ. ಚಾಕ್ ಪುಡಿ ಏಳುತ್ತಿತ್ತು, ಅದರೊಳಗೆ ರಕ್ತ. ಯಾರೋ ಗಟ್ಟಿಯಾಗಿ ಎಣಿಸುತ್ತಿದ್ದರು. ಐದು. ಆರು. ಏಳು. ಎಣಿಸುತ್ತಿರುವುದು ತಾವೇ ಎಂದು ಅವರಿಗೆ ತಿಳಿದದ್ದು ಪಿ.ಟಿ. ಮೇಷ್ಟ್ರು ಬಂದು ಹಿಂದಿನಿಂದ ಅಪ್ಪಿ ಹಿಡಿದು ಎಳೆದಾಗ.

ಮೂವತ್ತೈದು ಮಕ್ಕಳು ನೋಡುತ್ತಿದ್ದರು. ಗುಬ್ಬಿ ಕೂಡ.

ಠಾಣೆಯಲ್ಲಿ ಟೀಚರ್ ಏನನ್ನೂ ಮುಚ್ಚಿಡಲಿಲ್ಲ. ಸುಳ್ಳು ಸರಿ ಗುರುತು ಹಾಕಿದ್ದನ್ನೂ ಹೇಳಿದರು, ಬಿದ್ದವನನ್ನು ಹೊಡೆದದ್ದನ್ನೂ ಹೇಳಿದರು. ಪೊಲೀಸರು ಅಪ್ಪನನ್ನು ಒಳಗೆ ಹಾಕಿದರು. ಗುಬ್ಬಿಯ ಅಮ್ಮ ಮಗಳನ್ನು ಕರೆದುಕೊಂಡು ಎರಡು ಬೀದಿ ಆಚೆಗಿನ ಅಕ್ಕನ ಮನೆಗೆ ಹೋದಳು. ಟೀಚರಿಗೆ ಮೂರು ವಾರ ಅಮಾನತು, ಜೊತೆಗೆ ಕೈಗೆ ಪ್ಲಾಸ್ಟರ್. ಮಕ್ಕಳನ್ನು ಹೊಡೆದವರಲ್ಲ ಎಂದು ಹೆಡ್ ಮೇಷ್ಟ್ರೇ ಪತ್ರ ಬರೆದು ವಾಪಸು ಕರೆಸಿಕೊಂಡರು.

ಬಂದ ದಿನ ಎಡಗೈಯಲ್ಲಿ ಬೋರ್ಡಿನ ಮೇಲೆ ಸೊಟ್ಟಸೊಟ್ಟಗೆ ಹೋಮ್‌ವರ್ಕಿಗೆ ನಾಲ್ಕೇ ಲೆಕ್ಕ ಬರೆದರು. ಆ ದಿನ ಕ್ಲಾಸಿನಲ್ಲಿ ಮಾಡಿದಂಥವೇ. "ಇಷ್ಟೇನಾ ಮಿಸ್?" ಎಂದಳು ಬಾಯಿಬಡುಕಿ. "ಇಷ್ಟೇ. ತಿಳೀದೆ ಹೋದರೆ ಅಲ್ಲಿಗೇ ನಿಲ್ಲಿಸಿ. ನಾಳೆ ಜೊತೆಗೆ ಕೂತು ನೋಡೋಣ."

ಮರುದಿನ ಗುಬ್ಬಿಯ ಪಕ್ಕ ಬೆಂಚಿನಲ್ಲೇ ಕೂತು ಪುಸ್ತಕ ನೋಡಿದರು. ಮೂರು ಸರಿ. ನಾಲ್ಕನೆಯದರಲ್ಲಿ ಮತ್ತೆ ಹಳೆಯ ತಪ್ಪು. ಟೀಚರ ಪೆನ್ನು ಅಲ್ಲಿ ಒಂದು ಕ್ಷಣ ನಿಂತಿತು. ಅಷ್ಟೇ ಸಾಕಾಯಿತು. ಗುಬ್ಬಿ ಎದ್ದು ನಿಂತು, ಕಣ್ಣು ಮುಚ್ಚಿ, ಕೈ ಚಾಚಿದಳು. ಅಂಗೈಯಲ್ಲಿ ಹೊಸ ಚರ್ಮ ತೆಳ್ಳಗೆ ಹೊಳೆಯುತ್ತಿತ್ತು.

"ಕೂತ್ಕೋ ಕಂದಾ," ಎಂದರು ಟೀಚರ್. ಹತ್ತು ಹತ್ತು ಕಡ್ಡಿ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳನ್ನು ಅವಳ ಮುಂದಿಟ್ಟರು. ಒಂಟಿ ಕೈಯಲ್ಲಿ ಬ್ಯಾಂಡ್ ಬಿಚ್ಚಲಾಗಲಿಲ್ಲ. ಗುಬ್ಬಿಯೇ ಬಿಚ್ಚಿದಳು. ಹತ್ತು ಕಡ್ಡಿಗಳು ಬಿಡಿಬಿಡಿಯಾಗಿ ಚೆಲ್ಲಿದವು. ಅದರಲ್ಲಿ ಬೇಕಾದಷ್ಟನ್ನು ತೆಗೆದು, ಉಳಿದವನ್ನು ಎಣಿಸಿ, ತಪ್ಪನ್ನು ತಾನೇ ಅಳಿಸಿ ಸರಿ ಉತ್ತರ ಬರೆದಳು. ಅರ್ಥವಾಗಿತ್ತು. ಮುಖದಲ್ಲಿ ಕಂಡಿತು.

ಟೀಚರ್ ಸರಿ ಗುರುತು ಹಾಕಿ ಪುಸ್ತಕ ಮುಚ್ಚಿ ಕೊಟ್ಟರು. ಗುಬ್ಬಿ ಅದನ್ನು ಚೀಲಕ್ಕೆ ಹಾಕಲಿಲ್ಲ. ಮೇಜಿನ ಮೇಲಿದ್ದ ಡಸ್ಟರನ್ನು ಒಮ್ಮೆ ನೋಡಿದಳು, ಟೀಚರ ಎಡಗೈಯನ್ನು ಒಮ್ಮೆ ನೋಡಿದಳು.

"ಹಾಗಾದ್ರೆ ಮಿಸ್," ಎಂದು ಮೆಲ್ಲಗೆ ಕೇಳಿದಳು, "ಹೊಡೆಯೋದು ಆಮೇಲಾ?"