ಹತ್ತು ಗುಂಡು, ಒಂದೇ ತೂತು

ನಾನು ಏರ್ ರೈಫಲ್. ಮದ್ದು ತುಂಬಿ ಹೊಡೆಯುವ ಬಂದೂಕಲ್ಲ. ನನ್ನ ಹೊಟ್ಟೆಯೊಳಗೆ ಇರುವುದು ಒಂದು ಸ್ಪ್ರಿಂಗು ಮತ್ತು ಒಂದಿಷ್ಟು ಗಾಳಿ. ನಳಿಗೆಯನ್ನು ಮಡಚಿದರೆ ಸ್ಪ್ರಿಂಗು ಬಿಗಿಯುತ್ತದೆ. ಬೆರಳು ಒತ್ತಿದರೆ ಕಡಲೆಕಾಳಿಗಿಂತ ಚಿಕ್ಕದಾದ ಸೀಸದ ಗುಂಡು ಹೊರಗೆ ಹಾರುತ್ತದೆ. ನನಗೆ ಗೊತ್ತಿರುವ ವಿದ್ಯೆ ಇಷ್ಟೇ. ಹೊಟ್ಟೆಕಿಚ್ಚು ಮಾತ್ರ ಯಾರೂ ಕಲಿಸದೆ ಬಂತು.

ನಾನು ಹುಟ್ಟಿದ್ದು ಒಂದು ಸಣ್ಣ ಕಾರ್ಖಾನೆಯಲ್ಲಿ. ಸ್ಪ್ರಿಂಗಿಗೆ ಗ್ರೀಸು ಹಚ್ಚುವ ಕೆಲಸ ಒಬ್ಬ ಹೆಂಗಸಿನದು. ಅಂದು ಆಕೆ ಊಟ ಮುಗಿಸಿ ಬಂದು ಯಾರ ಜೊತೆಗೋ ಮಾತಾಡುತ್ತ ನನಗೆ ಎರಡು ಸಲ ಗ್ರೀಸು ಹಚ್ಚಿಬಿಟ್ಟಳು. ಅದರಿಂದಾಗಿ ನನ್ನ ದನಿ ಮೆತ್ತಗಾಯಿತು. ಜೊತೆಯವರೆಲ್ಲ 'ಠಣ್' ಎಂದು ಝೇಂಕರಿಸಿದರೆ ನಾನು ಕದ ಮುಚ್ಚಿದ ಹಾಗೆ 'ದಪ್' ಎನ್ನುತ್ತಿದ್ದೆ. ಆಗ ಅದೊಂದು ಕೊರತೆ ಎಂದೇ ತಿಳಿದಿದ್ದೆ.

ಹುಬ್ಬಳ್ಳಿಯ ಒಂದು ಅಂಗಡಿಯ ಗಾಜಿನ ಕಪಾಟಿನಲ್ಲಿ ನನ್ನನ್ನು ನಿಲ್ಲಿಸಿದರು. ಪಕ್ಕದಲ್ಲಿ ಕಪ್ಪು ಮೈಯ, ನೆತ್ತಿಯ ಮೇಲೆ ದುರ್ಬೀನು ಹೊತ್ತ ಒಂದು ರೈಫಲ್ ಇತ್ತು. ಬಂದವರೆಲ್ಲ ಅದನ್ನೇ ಕೇಳುತ್ತಿದ್ದರು, ಅದರ ಜೊತೆಗೇ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅದು ಯಾರದಾದರೂ ಕೈ ಜಾರಿ ಬೀಳಲಿ ಎಂದು ನಾನು ಎಷ್ಟು ಸಲ ಬಯಸಿದೆನೋ.

ಒಂದು ಮಂಗಳವಾರ ಸೋಮಲಿಂಗಪ್ಪ ಬಂದ. ಗದಗ-ಬೆಟಗೇರಿಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡವನು. ವಯಸ್ಸು ನಲವತ್ತೈದರ ಆಚೆ, ಬಲಗಣ್ಣಿನ ಸುತ್ತ ಭೂತಗನ್ನಡಿ ಒತ್ತಿ ಒತ್ತಿ ಬಿದ್ದ ಉಂಗುರದಂಥ ಗುರುತು. ಗದಗಿನಲ್ಲಿ ಹೊಸದಾಗಿ ಗುರಿ ಹೊಡೆಯುವ ಕ್ಲಬ್ಬು ಶುರುವಾಗಿತ್ತು. ಅಲ್ಲಿಗೆ ಸೇರಿದ್ದ.

ಅಂಗಡಿಯವನು ಎಂದಿನಂತೆ ಕಪ್ಪು ರೈಫಲನ್ನೇ ಮುಂದಿಟ್ಟ. "ಇದನ್ನ ಒಯ್ರೀ ಸಾಹೇಬ್ರ, ಭಾರೀ ಪವರ್ ಐತಿ."

"ನಾ ಹಕ್ಕಿ ಹೊಡಿಯಾಂವಲ್ರೀ. ಹತ್ತು ಮೀಟರ್ ದೂರದಾಗಿನ ಕಾಗದ ಹೊಡಿಯಾಂವ. ಕಾಗದಕ್ಕ ಪವರ್ ಯಾಕ ಬೇಕು?" ಎಂದ ಸೋಮಲಿಂಗಪ್ಪ. "ಸಪ್ಪಳ ಕಡಿಮಿ ಇರಬೇಕು, ಒಂದ ಜಾಗಾಕ್ಕ ಬೀಳಬೇಕು, ನನ್ನ ಕೈಗೆ ಎಟಕಬೇಕು. ಬಾಜೂ ಮನ್ಯಾಗ ಮಾಬೂಬಿ ಅಂತ ಹಾರ್ಟಿನ ಪೇಶಂಟ್ ಅದಾಳ. ಮುದುಕಿ ಬೆಚ್ಚಿಬೀಳಬಾರದು."

ಅಂಗಡಿಯ ಹಿಂದಿನ ಓಣಿಯಂಥ ಜಾಗದಲ್ಲಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದ. ಆತ ನೋಡಿದ ರೀತಿಯೇ ಬೇರೆ. ಬಣ್ಣ ನೋಡಲಿಲ್ಲ, ನಳಿಗೆ ಮಡಚಿ ಮುಚ್ಚಿದಾಗ ಅಲುಗಾಡುತ್ತದೆಯೇ ನೋಡಿದ. ಒಂದೇ ಕಂಪನಿಯ ಗುಂಡಿನಿಂದ ಎಲ್ಲರಿಂದಲೂ ಐದೈದು ಹೊಡೆದ. ತಾನು ಕಣ್ಣು ಮುಚ್ಚಿ ಸಪ್ಪಳ ಕೇಳಿಸಿಕೊಳ್ಳಲೆಂದೇ ಅಂಗಡಿಯವನ ಕೈಗೆ ಕೊಟ್ಟು ಮತ್ತೊಮ್ಮೆ ಹೊಡೆಸಿದ. ಕಪ್ಪು ರೈಫಲ್ ಸಿಡಿಲಿನಂತೆ ಅಬ್ಬರಿಸಿತು. ಅದರ ಐದು ತೂತುಗಳು ಅಂಗೈಯಗಲ ಚೆಲ್ಲಿದ್ದವು. ನನ್ನ ಐದು ತೂತು ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋದವು.

"ಇದನ್ನ ಕಟ್ರಿ" ಎಂದ.

ಕಪಾಟಿನ ಮುಂದೆ ಹಾದುಹೋಗುವಾಗ ಆ ಕಪ್ಪು ರೈಫಲನ್ನು ನಾನು ಹೇಗೆ ನೋಡಿದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಬೆಟಗೇರಿಯ ಆ ಮನೆ ಹಳೆಯ ನೇಕಾರರ ಮನೆ, ರೈಲು ಡಬ್ಬಿಯಂತೆ ಉದ್ದ. ಪಡಸಾಲೆಯಿಂದ ಹಿತ್ತಲ ಕಡೆಯ ಗೋಡೆಯವರೆಗೆ ಸರಿಯಾಗಿ ಹತ್ತು ಮೀಟರ್. ಮಧ್ಯಾಹ್ನ ಊಟಕ್ಕೆ ಬಂದಾಗ ಆತ ಹಿತ್ತಲ ಬಾಗಿಲಿಗೆ ಚಿಲಕ ಹಾಕಿ, ಗೋಡೆಗೆ ತೆರೆದ ಬಾಯಿ ಈಚೆಗೆ ಮಾಡಿ ತಗಡಿನ ಡಬ್ಬಿಯಿಟ್ಟು, ಅದರ ಮುಂದೆ ಗುರಿಯ ಕಾರ್ಡು ಸಿಕ್ಕಿಸಿ ಹೊಡೆಯುತ್ತಿದ್ದ. ನಾನು ಮೆತ್ತಗೆ 'ದಪ್' ಎಂದರೂ ಗುಂಡು ತಗಡಿಗೆ ಬಡಿದು 'ಟಂಯ್' ಎನ್ನುತ್ತಿತ್ತು. ನಾಲ್ಕನೆಯ ದಿನ ಆತನ ಹೆಂಡತಿ ದ್ರಾಕ್ಷಾಯಣಿ ಅಡುಗೆಮನೆಯಿಂದ ಬಂದಳು.

"ಬಂದೂಕು ಒದರೂದಿಲ್ರೀ, ನಿಮ್ಮ ಡಬ್ಬಿ ಒದರತೈತಿ" ಎಂದವಳೇ, ಕೌದಿ ಹೊಲಿದು ಉಳಿದ ಚಿಂದಿಯನ್ನೆಲ್ಲ ಆ ಡಬ್ಬಿಯೊಳಗೆ ಗಿಡಿದು ತುಂಬಿದಳು. ಮರುದಿನದಿಂದ ಸದ್ದೇ ಇಲ್ಲ.

ಆ ವರ್ಷ ನನ್ನ ಬಾಳಿನ ಚಿನ್ನದ ಕಾಲ. ಆತ ಗಡಿಯಾರಕ್ಕೆ ಹಾಕುವ ಎಣ್ಣೆಯ ಒಂದು ಹನಿಯನ್ನು ಸೂಜಿಯ ತುದಿಯಿಂದ ನನ್ನ ಕೀಲಿಗೆ ಬಿಡುತ್ತಿದ್ದ. ಮೆತ್ತನೆಯ ಮಲ್ಲಿನ ಬಟ್ಟೆಯಿಂದ ಹಿಡಿಯನ್ನು ಒರೆಸುತ್ತಿದ್ದ. ಕೆನ್ನೆಯನ್ನು ನನಗೆ ಒತ್ತಿಕೊಂಡು ಉಸಿರು ಬಿಗಿಹಿಡಿದಾಗ ಆತನ ಎದೆಬಡಿತ ನನಗೆ ಕೇಳುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ದ್ರಾಕ್ಷಾಯಣಿ ನಿಂತು ನಮ್ಮನ್ನೇ ನೋಡುತ್ತಿದ್ದುದು ನನಗೆ ಕಾಣುತ್ತಿತ್ತು. ನಿಂತರೆ ನಿಲ್ಲಲಿ ಎಂದುಕೊಳ್ಳುತ್ತಿದ್ದೆ.

ಒಂದು ದಿನ ಆಕೆ ಕೇಳಿದಳು, "ನನಗೂ ಕಲಸ್ರಿ."

ಸೋಮಲಿಂಗಪ್ಪ ನಕ್ಕ. "ಇದು ನಿನ್ನ ಕೆಲಸ ಅಲ್ಲ ದ್ರಾಕ್ಷಾ."

"ಒಂದ ಗುಂಡು. ಆಮ್ಯಾಲೆ ಕೇಳೂದಿಲ್ಲ."

ಕೊಟ್ಟ. ದ್ರಾಕ್ಷಾಯಣಿ ನೇಕಾರರ ಮಗಳು. ಹತ್ತು ವರ್ಷದವಳಿದ್ದಾಗಿನಿಂದ ತವರಿನಲ್ಲಿ ಮಗ್ಗದ ಹಾಸಿನ ಹರಿದ ಎಳೆ ಕೂಡಿಸಿದ ಕೈ ಅದು. ಕೂದಲಿನಂಥ ಎಳೆಗೆ ಎಳೆ ಹೊಸೆಯುವಾಗ ಉಸಿರಾಡಿದರೂ ಗಂಟು ತಪ್ಪುತ್ತದೆ. ಆಕೆ ನನ್ನನ್ನು ಭುಜಕ್ಕೇರಿಸಿದಾಗ ನಾನು ಮೈ ಭಾರ ಬಿಟ್ಟೆ, ಮುಷ್ಕರ ಹೂಡಿದವನಂತೆ. ಆದರೆ ಆ ಕೈ ಅಲುಗಲಿಲ್ಲ. ಗುಂಡು ನಟ್ಟ ನಡುವಿಗೆ ಹೋಯಿತು.

"ಅದೃಷ್ಟ" ಎಂದ ಆತ, ಹತ್ತಿರ ಹೋಗಿ ಕಾರ್ಡು ನೋಡಿ. ಎರಡನೆಯದೂ ಅಲ್ಲಿಗೇ ಹೋಯಿತು. ಮೂರನೆಯದಕ್ಕೆ ಆತ ಕಾರ್ಡನ್ನು ಕಿತ್ತು ತಂದು ಬೆಳಕಿಗೆ ಹಿಡಿದ.

ಆಕೆ ಕ್ಲಬ್ಬಿಗೂ ಬರತೊಡಗಿದಳು. ಸೈನ್ಯದಿಂದ ನಿವೃತ್ತರಾಗಿ ಬಂದ ತಳವಾರ ಸುಬೇದಾರರು ಅಲ್ಲಿ ಕಲಿಸುವವರು. ಗಂಡ ಹೆಂಡತಿ ಇಬ್ಬರೂ ನನ್ನೊಬ್ಬನನ್ನೇ ಸರದಿಯ ಮೇಲೆ ಹಿಡಿಯುತ್ತಿದ್ದರು. ಆರು ತಿಂಗಳಲ್ಲಿ ಆಕೆಯ ಅಂಕ ಆತನನ್ನು ದಾಟಿತು. ಕ್ಲಬ್ಬಿನವರು, "ಏನ್ರೀ ಸೋಮಲಿಂಗಪ್ನೋರ, ಮನ್ಯಾಗ ಗುರು ಯಾರು, ಶಿಷ್ಯಾ ಯಾರು?" ಎಂದು ನಗೆಯಾಡಿದರು. ಆತನೂ ನಕ್ಕ. ಮನೆಗೆ ಬರುವ ದಾರಿಯಲ್ಲಿ ಆಕೆಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದ.

ಮುಂದಿನ ತಿಂಗಳು ಒಂದು ಉದ್ದನೆಯ ಪೆಟ್ಟಿಗೆ ಮನೆಗೆ ಬಂತು. ಕ್ಲಬ್ಬಿನವರೊಬ್ಬರು ಬಳಸಿ ಮಾರಿದ ಸ್ಪರ್ಧೆಯ ರೈಫಲ್. ಅದರ ಹೊಟ್ಟೆಯಲ್ಲಿ ಸ್ಪ್ರಿಂಗಿಲ್ಲ, ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿ. ಹೊಡೆದರೆ ಮೈ ಅದುರುವುದಿಲ್ಲ. 'ಫುಸ್' ಎನ್ನುತ್ತದೆ, ಅಷ್ಟೇ.

"ಆ ಬಂದೂಕು ನಿನಗ ಹೊಂದೇತಿ, ನೀನ ಇಟ್ಕೋ. ನನಗ ಇದು" ಎಂದ ಹೆಂಡತಿಗೆ.

ಹೀಗೆ ಒಂದೇ ಮಾತಿನಲ್ಲಿ ನನ್ನನ್ನು ಕೊಟ್ಟುಬಿಟ್ಟ. ಅಂದಿನಿಂದ ಗಡಿಯಾರದ ಎಣ್ಣೆ ಅದಕ್ಕೆ, ಮಲ್ಲಿನ ಬಟ್ಟೆ ಅದಕ್ಕೆ, ಕೆನ್ನೆಯೂ ಅದಕ್ಕೆ. ನಾನು ಗೋಡೆಯ ಗೂಟದಲ್ಲಿ ತೂಗಾಡುತ್ತ ಎಲ್ಲವನ್ನೂ ನೋಡಬೇಕಾಗಿತ್ತು. ಅದರ ಸಿಲಿಂಡರು ಸೋರಲಿ, ತುಕ್ಕು ಹಿಡಿಯಲಿ, ಹೆಗ್ಗಣ ಬಂದು ಅದರ ಚರ್ಮದ ಪಟ್ಟಿ ಕಡಿಯಲಿ ಎಂದು ದಿನವೂ ಶಪಿಸಿದೆ. ದ್ರಾಕ್ಷಾಯಣಿ ನನ್ನನ್ನು ಅಕ್ಕರೆಯಿಂದಲೇ ನೋಡಿಕೊಂಡಳು. ತಲೆಗೆ ಹಚ್ಚುವ ಎಣ್ಣೆಯ ಕೈಯಲ್ಲಿ ಮುಟ್ಟಬಾರದೆಂದು ಸೋಪು ಹಚ್ಚಿ ತೊಳೆದುಕೊಂಡು ಬರುತ್ತಿದ್ದಳು. ಆ ಅಕ್ಕರೆ ನನಗೆ ರುಚಿಸಲಿಲ್ಲ. ನನ್ನ ಕಣ್ಣು ಆತನ ಮೇಲೆಯೇ.

ಕ್ಲಬ್ಬಿನ ವಾರ್ಷಿಕ ಸ್ಪರ್ಧೆ ಬಂತು. ಗೆದ್ದ ಒಬ್ಬರನ್ನು ಬೆಳಗಾವಿಯ ದೊಡ್ಡ ಸ್ಪರ್ಧೆಗೆ ಕಳಿಸುವವರಿದ್ದರು. ಹಿಂದಿನ ದಿನ ಮಧ್ಯಾಹ್ನ ದ್ರಾಕ್ಷಾಯಣಿ ಪಕ್ಕದ ಮನೆಗೆ ಮಾಬೂಬಿಗೆ ಗಂಜಿ ಕೊಡಲು ಹೋಗಿದ್ದಳು. ಸೋಮಲಿಂಗಪ್ಪ ಅಂಗಡಿಯಿಂದ ಬಂದ. ಊಟಕ್ಕೆ ಕೂರಲಿಲ್ಲ. ನೇರವಾಗಿ ಬಂದು ನನ್ನನ್ನು ಗೂಟದಿಂದ ಇಳಿಸಿಕೊಂಡ.

ಎಷ್ಟು ತಿಂಗಳ ಮೇಲೆ! ಆತನ ಬೆರಳು ಸೋಕಿದ ಕೂಡಲೇ ನಾನು ಉಳಿದುದೆಲ್ಲವನ್ನೂ ಮರೆತೆ. ಕಿಸೆಯಿಂದ ಸಣ್ಣ ತಿರುಪುಳಿ ತೆಗೆದ, ಕೈಗಡಿಯಾರದ ಹೊಟ್ಟೆ ಬಿಚ್ಚುವಂಥದು. ಕಣ್ಣಿಟ್ಟು ಗುರಿ ನೋಡುವ ನನ್ನ ಹಿಂಬದಿಯ ಕಿಂಡಿಯ ಎರಡು ತಿರುಪುಗಳನ್ನು ಒಂದಿಷ್ಟು, ಬಹಳ ಅಲ್ಲ, ತಿರುಗಿಸಿದ. ಕಣ್ಣು ಬಾಗಿಲ ಕಡೆಗಿತ್ತು. ತಿರುಪುಳಿ ಜಾರಿ ಒಂದು ಗೀರು ಬಿತ್ತು. ನೋವಾಗಲಿಲ್ಲ. ಹಳೆಯ ದಿನಗಳು ಮರಳಿ ಬಂದವು, ಆತನಿಗೆ ಮತ್ತೆ ನಾನು ಬೇಕಾದೆ ಎಂದು ಹಿಗ್ಗಿದೆ. ಆತ ನನ್ನನ್ನು ಮೊದಲಿನ ಹಾಗೆಯೇ ತೂಗುಹಾಕಿ, ಉಣ್ಣದೆ ಹೊರಟುಹೋದ. ಆಗಲೂ ನನಗೆ ತಿಳಿಯಲಿಲ್ಲ. ತಿಳಿಯಲು ಮನಸ್ಸಿರಲಿಲ್ಲ ಎನ್ನುವುದು ಹೆಚ್ಚು ನಿಜ.

ಮರುದಿನ ಆಕೆ ಹತ್ತು ಗುಂಡು ಹೊಡೆದಳು. ಹತ್ತೂ ಮುಗಿದ ಮೇಲೆಯೇ ಕಾರ್ಡು ತರುವುದು ಅಲ್ಲಿನ ಪದ್ಧತಿ. ಕಪ್ಪು ವೃತ್ತದೊಳಗೆ ಬಿದ್ದ ತೂತು ನಿಂತ ಜಾಗದಿಂದ ಕಾಣುವುದಿಲ್ಲ. ಆಕೆ ಗುರಿಯಿಟ್ಟ ಕಡೆಗೆ ನಾನು ಹೋಗುತ್ತಿಲ್ಲವೆಂದು ಮೊದಲ ಗುಂಡಿಗೇ ನನಗೆ ಗೊತ್ತಾಯಿತು. ಪ್ರತಿ ಸಲವೂ ಎಡಕ್ಕೆ, ಕೆಳಕ್ಕೆ. ಬಾಯಿದ್ದರೆ ಕೂಗುತ್ತಿದ್ದೆ ಎಂದು ಹೇಳಲಾರೆ. ಆತನ ಹೆಸರು ಹೊರಬರುತ್ತದಲ್ಲ ಎಂದು ಸುಮ್ಮನಿರುತ್ತಿದ್ದೆನೇನೋ.

ಸೋಮಲಿಂಗಪ್ಪ ಮೊದಲಿಗನಾದ. ಬಹುಮಾನದ ಕಪ್ಪು ಹಿಡಿದು ಫೋಟೊಕ್ಕೆ ನಿಂತ. ಅಂಕ ಎಣಿಸುತ್ತಿದ್ದ ಸುಬೇದಾರರು ದ್ರಾಕ್ಷಾಯಣಿಯ ಕಾರ್ಡನ್ನು ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದರು.

"ಹತ್ತು ಗುಂಡು, ಒಂದ ತೂತು. ಇಂಥಾ ಕೈ ನಾ ಈ ಕ್ಲಬ್ಬಿನಾಗ ನೋಡಿಲ್ಲವ್ವಾ. ಆದ್ರ ಜಾಗಾ ತಪ್ಪೇತಿ. ಬಂದೂಕು ಎಲ್ಲೆರೆ ಬಿದ್ದಿತ್ತೇನು?"

"ಇಲ್ರೀ" ಎಂದಳು ದ್ರಾಕ್ಷಾಯಣಿ. ನನ್ನನ್ನು ತಿರುಗಿಸಿ ತಿರುಪಿನ ಪಕ್ಕದ ಹೊಳೆಯುವ ಗೀರನ್ನು ನೋಡಿದಳು. ಅದರ ಮೇಲೆ ಹೆಬ್ಬೆರಳಿಟ್ಟು ಮುಚ್ಚಿದಳು. "ನಂದ ಏನೋ ತಪ್ಪಾಗಿರಬೇಕು."

ಮನೆಗೆ ಬಂದ ಮೇಲೆ ಆತ ಕಪ್ಪನ್ನು ಕಪಾಟಿನ ಮೇಲಿಟ್ಟ. ಆಕೆ ಅದರ ಪಕ್ಕಕ್ಕೆ ತನ್ನ ಕಾರ್ಡು ಇಟ್ಟಳು.

"ನೋಡ್ರಿ. ಕೈ ತಪ್ಪಿದ್ರ ತೂತು ಚೆಲ್ಲಾಪಿಲ್ಲಿ ಬೀಳತಾವ. ಇವು ಒಂದ ಕಡೆ ಬಿದ್ದಾವ. ಅಷ್ಟು ಸಣ್ಣ ತಿರುಪುಳಿ ಈ ಓಣ್ಯಾಗ ಯಾರ ಹಂತ್ಯಾಕ ಐತಿ?"

ಆತ ಕಿಸೆಯಿಂದ ತಿರುಪುಳಿ ತೆಗೆದು ಕಾರ್ಡಿನ ಪಕ್ಕಕ್ಕಿಟ್ಟ. "ಹೊಟ್ಯಾಗ ಉರಿ ಬಿದ್ದಿತ್ತು ದ್ರಾಕ್ಷಾ" ಎಂದ.

"ನನಗೇನು ಉರೀನ ಇಲ್ಲಂತ ತಿಳಕೊಂಡೀರೇನು? ಈ ಬಂದೂಕು ಮನಿಗೆ ಬಂದ ದಿನದಿಂದ ಉರದೀನಿ. ಇಪ್ಪತ್ತು ವರ್ಷ ಆತು ನನ್ನ ಲಗ್ನಾಗಿ, ಒಂದ ದಿನ ನನ್ನ ಮಾರಿ ಅಷ್ಟು ಹೊತ್ತು ನೋಡಲಿಲ್ಲ ನೀವು. ಅದಕ್ಕ ಕಲಸ್ರಿ ಅಂದೆ. ಬಾಜೂಕ ನಿಂದ್ರತೀರಿ, ಕೈ ಹಿಡದು ಹೇಳಿಕೊಡತೀರಿ ಅಂತ." ಆಕೆ ಕಾರ್ಡನ್ನು ಆತನತ್ತ ಸರಿಸಿದಳು. "ಆದ್ರ ಉರಿ ಬಿತ್ತಂತ ನಾ ನಿಮ್ಮ ಗಡಿಯಾರದ ಮುಳ್ಳು ತಿರುವಲಿಲ್ಲ."

ಗೋಡೆಗೆ ಒರಗಿಸಿಟ್ಟಿದ್ದ ನನ್ನನ್ನು ಇಬ್ಬರೂ ನೋಡಲಿಲ್ಲ. ಅಂದೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ದ್ರಾಕ್ಷಾಯಣಿ ಏನನ್ನು ನೋಡುತ್ತಿದ್ದಳೆಂದು ನನಗೆ ಆಗ ಹೊಳೆಯಿತು. ನಾನು ಗೂಟದಲ್ಲಿ ತೂಗಾಡುತ್ತ ನೋಡಿದ್ದನ್ನು ಆಕೆ ನನಗಿಂತ ಮೊದಲೇ ನೋಡಿದ್ದಳು.

ಬೆಳಗಾದ ಮೇಲೆ ಆತ ಕಪ್ಪನ್ನು ಚೀಲದಲ್ಲಿ ಹಾಕಿಕೊಂಡು ಕ್ಲಬ್ಬಿಗೆ ಹೋದ. ಎಲ್ಲರ ಎದುರಿಗೆ ಹೇಳಿಬಿಟ್ಟನಂತೆ. ಕೆಲವರು ಬೈದರು, ಕೆಲವರು ಅಂಗಡಿಯ ಮುಂದೆ ಹಾದುಹೋಗುವಾಗ ತಿರುಪುಳಿ ತಿರುಗಿಸಿದ ಹಾಗೆ ಬೆರಳು ಆಡಿಸಿ ನಕ್ಕರು. ಸುಬೇದಾರರು ಒಂದು ವರ್ಷ ಆತ ಸ್ಪರ್ಧೆಗೆ ಇಳಿಯಬಾರದೆಂದರು. ಬೆಳಗಾವಿಗೆ ದ್ರಾಕ್ಷಾಯಣಿಯ ಹೆಸರು ಬರೆದರು.

ಆತ ತನ್ನ ಹೊಸ ರೈಫಲನ್ನು ಆಕೆಯ ಮುಂದೆ ಇಟ್ಟ. ಆಕೆ ಬೇಡವೆನ್ನುತ್ತಾಳೆ, ನನ್ನನ್ನೇ ಒಯ್ಯುತ್ತಾಳೆ ಎಂದು ನಾನು ಕಾದೆ. ಆಕೆ ಎರಡನ್ನೂ ಎತ್ತಿ ನೋಡಿ, "ಇದ ಚಲೋ ಐತಿ" ಎಂದು ಅದನ್ನೇ ತೆಗೆದುಕೊಂಡಳು. ಬೆಳಗಾವಿಯಲ್ಲಿ ಏಳನೆಯವಳಾದಳು. ಮನೆಯಲ್ಲಿ ಯಾರೂ ಅದನ್ನು ಸೋಲು ಎನ್ನಲಿಲ್ಲ.

ಹೀಗೆ ನಾನು ಬಯಸಿದ್ದೇ ನಡೆಯಿತು. ಆ ಮನೆಯಲ್ಲಿ ಆತನಿಗೆ ಉಳಿದದ್ದು ನಾನೊಬ್ಬನೇ. ಆದರೆ ಆತ ನನ್ನನ್ನು ಮುಟ್ಟಲಿಲ್ಲ. ನನ್ನತ್ತ ನೋಡಿದರೆ ಗೀರು ಕಾಣುತ್ತಿತ್ತಲ್ಲ, ಮುಖ ಬೇರೆ ಕಡೆ ಹೊರಳಿಸುತ್ತಿದ್ದ. ಒಂದು ಮಳೆಗಾಲ ಪೂರ್ತಿ ಗೂಟದಲ್ಲೇ ಕಳೆದೆ. ಕೊನೆಗೆ ದ್ರಾಕ್ಷಾಯಣಿ ನನ್ನನ್ನು ಒರೆಸಿ, ಹಳೆಯ ಸೀರೆಯಲ್ಲಿ ಸುತ್ತಿ, ಹೊಸದಾಗಿ ಕಲಿಯುವವರಿಗೆ ಇರಲೆಂದು ಕ್ಲಬ್ಬಿಗೆ ಕೊಟ್ಟಳು.

ಅಲ್ಲಿ ಎಷ್ಟು ಕೈ ಕಂಡೆನೋ ಲೆಕ್ಕವಿಲ್ಲ. ಟೀಚರುಗಳು, ಬಸ್ ಕಂಡಕ್ಟರುಗಳು, ಹಲ್ಲಿನ ಡಾಕ್ಟರೊಬ್ಬರು. ಎಲ್ಲರೂ ನನ್ನ ಮೇಲೆ ಕಲಿತು, ಕಲಿತ ಮೇಲೆ ಬೇರೆಯದನ್ನು ಕೊಂಡರು. ಪ್ರತಿ ಸಲವೂ ಕರುಬಿದೆ. ಪ್ರತಿ ಸಲವೂ ಸ್ವಲ್ಪ ಕಡಿಮೆ. ಹೋದ ವರ್ಷ ಸ್ಪ್ರಿಂಗು ಮುರಿಯಿತು. ಹಳೆಯ ಮಾದರಿಯಾದ್ದರಿಂದ ಬೇರೆ ಸಿಗಲಿಲ್ಲ. ಈಗ ಕ್ಲಬ್ಬಿನ ಗೋಡೆಯ ಎರಡು ಮೊಳೆಗಳ ಮೇಲೆ ಮಲಗಿದ್ದೇನೆ. ಕೆಳಗೆ ಹೊಡೆಯುವ ಸಾಲು ಪೂರ್ತಿ ಕಾಣುತ್ತದೆ.

ಅವರಿಬ್ಬರೂ ಪ್ರತಿ ಭಾನುವಾರ ಬರುತ್ತಾರೆ. ಆತನ ತಲೆ ಬೆಳ್ಳಗಾಗಿದೆ, ಕೈ ನಡುಗುತ್ತದೆ, ಹೊಡೆಯುವುದನ್ನು ಬಿಟ್ಟಿದ್ದಾನೆ. ಕ್ಲಬ್ಬಿನವರು ಈಗ ಕಾಲಿನ ಮೇಲೆ ನಿಲ್ಲಿಸುವ ಒಂದು ದುರ್ಬೀನು ತರಿಸಿದ್ದಾರೆ. ದ್ರಾಕ್ಷಾಯಣಿ ಹೊಡೆಯುತ್ತಾಳೆ, ಆತ ಹಿಂದೆ ಕುರ್ಚಿಯಲ್ಲಿ ಕೂತು ದುರ್ಬೀನಿನಲ್ಲಿ ನೋಡಿ ಗುಂಡು ಎಲ್ಲಿ ಬಿತ್ತು, ಎಷ್ಟು ಅಂಕ ಎಂದು ಹೇಳುತ್ತಾನೆ.

"ಒಂಬತ್ತು. ಬಲಕ್ಕ ಹೋತು."

ಆಕೆ ತಿರುಗುವುದಿಲ್ಲ, ದುರ್ಬೀನಿಗೆ ಕಣ್ಣಿಡುವುದಿಲ್ಲ, ಹೌದೇನು ಎಂದು ಕೇಳುವುದಿಲ್ಲ. ಆತ ಹೇಳಿದ್ದನ್ನಷ್ಟೇ ನಂಬಿ ಗುರಿಯನ್ನು ಎಡಕ್ಕೆ ಸರಿಸಿ ಮುಂದಿನ ಗುಂಡು ಹೊಡೆಯುತ್ತಾಳೆ. ಆಕೆಯ ಕೈಯಲ್ಲಿರುವ ರೈಫಲನ್ನು ಕಂಡರೆ ನನಗೆ ಈಗ ಏನೂ ಅನ್ನಿಸುವುದಿಲ್ಲ. ಹಿಂತಿರುಗಿ ನೋಡದ ಆ ಕತ್ತು ಇದೆಯಲ್ಲ, ಅದನ್ನು ಕಂಡರೆ ಮಾತ್ರ ಇನ್ನೂ ಹೊಟ್ಟೆ ಉರಿಯುತ್ತದೆ.