ಚಿಕ್ಕ ಸ್ಟುಡಿಯೋದ ಕೆಂಪು ದೀಪ

“ಕೇಳಿಸ್ತಾ ಇದೆಯಾ?”

ಗಾಜಿನ ಆಚೆ ಮೈಕಿನ ಮುಂದೆ ಕೂತು ಅಣ್ಣ ಕೇಳಿದ. ಕೇಳಿದ್ದು ತಂಗಿಯನ್ನಲ್ಲ, ಯಾರನ್ನೂ ಅಲ್ಲ. ರೇಡಿಯೋದಲ್ಲಿ ಕಾವ್ಯ ಓದಲು ತೊಡಗಿದ ದಿನದಿಂದಲೂ, ಮೊದಲ ಪದ್ಯ ಎತ್ತಿಕೊಳ್ಳುವ ಮುಂಚೆ ಗಾಳಿಗೆ ಹೀಗೊಂದು ಮಾತು ಎಸೆಯುವುದು ಅವನ ರೂಢಿ. ಎದುರು ಗೋಡೆಯ ಕೆಂಪು ದೀಪವೇ ಅದಕ್ಕೆ ಉತ್ತರ. ಅದು ಹೊತ್ತಿತೆಂದರೆ ಊರೆಲ್ಲ ಕೇಳುತ್ತಿದೆ ಎಂದರ್ಥ.

ದೀಪ ಹೊತ್ತಿಸುವವಳು ಗಾಜಿನ ಈಚೆ, ಗುಂಡಿಗಳ ಪ್ಯಾನೆಲ್ಲಿನ ಮುಂದೆ ಕೂರುವ ತಂಗಿ. ಯಾವ ಕೋಣೆಯ ದನಿ ಯಾವ ದಾರಿ ಹಿಡಿದು ಹೊರಗೆ ಹೋಗಬೇಕೆಂಬುದೆಲ್ಲ ಅವಳ ಬೆರಳಲ್ಲಿ. ಎಲ್ಲರ ಬಾಯಲ್ಲೂ ಅವಳು ಗುಂಡಿಯಕ್ಕ. “ಮೊದಲು ಎಲ್ಲಿಗೆ, ಆಮೇಲೆ ಎಲ್ಲಿಂದ, ಕೊನೆಗೆ ಟೇಕ್” ಎಂದು ಹೊಸಬರಿಗೆ ಪದ್ಯದ ಹಾಗೆ ಬಾಯಿಪಾಠ ಮಾಡಿಸುತ್ತಿದ್ದಳು. ‘ಪ್ರಸಾರ’ ಒತ್ತಿ, ‘ಚಿಕ್ಕ ಸ್ಟುಡಿಯೋ’ ಒತ್ತಿ, ಎರಡನ್ನೂ ಜೋಡಿಸುವ ಟೇಕ್ ಒತ್ತಿದರೆ ಅಣ್ಣನ ದೀಪ ಹೊತ್ತುತ್ತಿತ್ತು.

ದೀಪ ಹೊತ್ತುತ್ತಿತ್ತು, ಅಷ್ಟೇ. ಗಂಟಲಿನ ಆಪರೇಷನ್ ಆದ ಮೇಲೆ ಅಣ್ಣನ ದನಿ ತಗಡಿನ ಮೇಲೆ ಮೊಳೆ ಎಳೆದಂತಾಗಿತ್ತು. ಮಾತಿಗೆ ಕೆಟ್ಟರೂ ಓದಿಗೆ ಕಂಠ ತಾನಾಗಿ ತೆರೆದುಕೊಳ್ಳುತ್ತದೆ ಎಂಬುದು ಅವನ ನಂಬಿಕೆ, ಕೇಳಿದವರೆಲ್ಲ ಹೊಗಳುತ್ತಿದ್ದರಲ್ಲ. “ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನೀವೇ ಏನಾದ್ರೂ ಮಾಡಿ,” ಎಂದು ನಿರ್ದೇಶಕರು ಕೈ ತೊಳೆದುಕೊಂಡಿದ್ದರು. ಓದು ನಿಂತರೆ ಅಣ್ಣನೇ ಉಳಿಯುವುದಿಲ್ಲವೆಂದು ಹೆದರಿದ ತಂಗಿ, ಪ್ಯಾನೆಲ್ಲಿನ ಸೆಟ್ಟಿಂಗ್ ತೆರೆದು, ಚಿಕ್ಕ ಸ್ಟುಡಿಯೋದ ಗುಂಡಿಗೆ ಮೈಕಿನ ಬದಲು ರೆಕಾರ್ಡಿಂಗ್ ಯಂತ್ರವನ್ನು ಜೋಡಿಸಿದ್ದಳು. ಗುಂಡಿಯ ಹೆಸರು ಅದೇ, ದೀಪವೂ ಅದೇ. ಊರಿಗೆ ಹೋಗುತ್ತಿದ್ದುದು ಮಾತ್ರ ಹಿಂದೆ ಅಣ್ಣನೇ ಓದಿಟ್ಟಿದ್ದ ಅದೇ ಭಾಗ.

ಗುಂಡಿಯ ಕೆಲಸ ಬದಲಿಸಿದವರು ಅದರ ಮೇಲೊಂದು ಹಳದಿ ಟೇಪಿನ ಚೂರು ಅಂಟಿಸಬೇಕು. ಆ ಕೋಣೆಯ ಕಟ್ಟಳೆ ಅದು. ಅವಳು ಅಂಟಿಸಿರಲಿಲ್ಲ. ಅಣ್ಣ ದಿನವೂ ತನ್ನ ಛತ್ರಿಯನ್ನು ಅವಳ ಮೇಜಿಗೆ ಒರಗಿಸಿ ಒಳಗೆ ಹೋಗುವವನು. ಹಳದಿ ಕಂಡರೆ ಏನು, ಯಾಕೆ ಎಂದು ಕೆದಕದೆ ಬಿಡುವವನಲ್ಲ.

ಅಣ್ಣನ ಪ್ರಶ್ನೆ ಮುಗಿಯುತ್ತಿದ್ದಂತೆ ಅವಳು ಎಂದಿನ ಹಾಗೆ ತನ್ನ ಮೇಜಿನ ಮೇಲೆ ಚಿಕ್ಕ ಸ್ಟುಡಿಯೋದ ದನಿ ಕೇಳಿಸುವ ಸ್ಪೀಕರಿನ ತಿರುಗಣೆಯನ್ನು ಸೊನ್ನೆಗೆ ಇಳಿಸಿದಳು. ಎರಡು ದನಿ ಒಟ್ಟಿಗೆ ಕೇಳುವುದು ಅವಳಿಂದಾಗದು. ಯಂತ್ರ ಓಡಿಸಿ, ಮೂರು ಗುಂಡಿ ಒತ್ತಿದಳು. ದೀಪ ಹೊತ್ತಿತು.

ಪ್ರಸಾರದ ಸ್ಪೀಕರಿನಿಂದ ಮೊಳೆ ಎಳೆಯುವ ಸದ್ದು ಬಂತು.

“ಅಕ್ಕಾ, ನಿನ್ನೆ ಎಲ್ಲಾ ಗುಂಡಿ ಚೆಕ್ ಮಾಡ್ದೆ,” ಎಂದ ಹಿಂದೆ ಕೂತಿದ್ದ ಹೊಸ ಇಂಜಿನಿಯರ್. “ಚಿಕ್ಕ ಸ್ಟುಡಿಯೋದು ಎಲ್ಲಿಗೋ ತಗಲಾಕೊಂಡಿತ್ತು. ಟೇಪೂ ಇರ್ಲಿಲ್ಲ. ಸರಿ ಮಾಡಿದೀನಿ.”

“ಸರಿ ಮಾಡಿದೆಯಾ,” ಎಂದಳು.

ಯಂತ್ರದ ಗುಂಡಿ ಬೆರಳ ಪಕ್ಕದಲ್ಲೇ ಇತ್ತು. ಅದನ್ನು ಒತ್ತಿದರೆ ಊರಿಗೆ ಹಳೆಯ ದನಿ ಹೋಗುತ್ತದೆ, ಆದರೆ ಚಿಕ್ಕ ಸ್ಟುಡಿಯೋದ ದೀಪ ಆರುತ್ತದೆ. ಒತ್ತದಿದ್ದರೆ ಊರು ಕೇಳುತ್ತದೆ. ಅಣ್ಣ ಕಣ್ಣು ಮುಚ್ಚಿ ಪದ್ಯದಿಂದ ಪದ್ಯಕ್ಕೆ ಏರುತ್ತಿದ್ದ. ಎಳೆದ ಕಡೆಯೆಲ್ಲ ದನಿ ಸೀಳುತ್ತಿತ್ತು. ಫೋನು ಬಡಿದುಕೊಂಡಿತು. ಇಂಜಿನಿಯರ್ ಎತ್ತಿ, “ಇದ್ಯಾರನ್ನ ತಂದು ಕೂರಿಸಿದೀರಿ, ನಮ್ಮ ಓದೋರು ಎಲ್ಲಿ ಅಂತಿದಾರೆ,” ಎಂದು ಪೆಚ್ಚಾದ. ಅಷ್ಟರಲ್ಲಿ ನಿರ್ದೇಶಕರೇ ಬಾಗಿಲಲ್ಲಿ: “ತೆಗೀರಿ! ಮೊದ್ಲು ಅದನ್ನ ತೆಗೀರಿ!”

ಎಲ್ಲಿಗೆ, ಎಲ್ಲಿಂದ, ಟೇಕ್.

ಪದ್ಯದ ಕೊನೆಗೆ ಕಣ್ಣು ತೆರೆದ ಅಣ್ಣನಿಗೆ ದೀಪ ಕಾಣಲಿಲ್ಲ. ಎದ್ದು ಬಂದು ಬಾಗಿಲು ತಳ್ಳಿದರೆ ಎದುರಾದದ್ದು ತನ್ನದೇ ದನಿ. ತುಂಬಿದ, ಎಲ್ಲೂ ಬಿರುಕಿಲ್ಲದ ದನಿ. ಸಂಧಿ ಮುಗಿಯುವವರೆಗೂ ನಿಂತು ಕೇಳಿದ. ನಿರ್ದೇಶಕರು ಯಾವಾಗಲೋ ಜಾರಿಕೊಂಡಿದ್ದರು.

“ಯಾವಾಗಿಂದ?”

“ಆಪರೇಷನ್ ಆದಾಗಿಂದ, ಅಣ್ಣ.”

“ಕಂಠ ಮೊದಲಿಗಿಂತ ಚೆನ್ನಾಗಿದೆ ಅಂತ ಹಾಲಿನವಳು ಹೊಗಳಿದ್ದು ಇವನನ್ನ ಅನ್ನು.” ಸ್ಪೀಕರಿನತ್ತ ಗದ್ದ ಎತ್ತಿದ. “ಓದ್ತಾನೆ, ಪರವಾಗಿಲ್ಲ.”

ಅವಳಿಗೆ ನಗಲಾಗಲಿಲ್ಲ.

“ನೀನಾದ್ರೂ ಕೇಳ್ತಿದ್ದೆಯಾ ನನ್ನ?”

ಅವಳ ಕಣ್ಣು ತಾನಾಗಿ ಸೊನ್ನೆಯಲ್ಲಿದ್ದ ತಿರುಗಣೆಯ ಮೇಲೆ ಬಿತ್ತು. ಅವನ ಕಣ್ಣೂ ಅದರ ಹಿಂದೆಯೇ ಬಂತು.

“ಹಾಗಾದ್ರೆ ಕೇಳಿದ್ದು ಭಗವಂತ ಒಬ್ಬನೇ,” ಎಂದ ಅಣ್ಣ. “ಪಾಪ.”

“ನಾಳೆ ಬಾ ಅಣ್ಣ,” ಎಂದು ಅವಳು ಅವನ ತೋಳು ಹಿಡಿದಳು. “ಹೊರಗೆ ಹೋಗದಿದ್ರೆ ಹೋಗದಿರಲಿ. ಇದನ್ನ ಪೂರ್ತಿ ತಿರುಗಿಸಿಟ್ಟು ನಾನು ಕೇಳ್ತೀನಿ. ನನಗೋಸ್ಕರ ಓದು.”

ಅವನು ಮೆಲ್ಲಗೆ ತೋಳು ಬಿಡಿಸಿಕೊಂಡು ಛತ್ರಿ ಎತ್ತಿಕೊಂಡ.

“ಇಲ್ಲ ಕಣಮ್ಮ. ನಾನಿನ್ನು ಓದೋದಿಲ್ಲ.”