ಮೆತ್ತಗಲ್ಲ, ಧಪ್ಪನೆ

ಕಾಕ್‌ಪಿಟ್ಟಿನ ಗಾಜಿನ ಒಳಬದಿಯಲ್ಲೊಂದು ನೊಣ, ಜೊಹಾನ್ಸ್‌ಬರ್ಗ್‌ನಿಂದ ಟಿಕೆಟ್ಟಿಲ್ಲದೆ ಹತ್ತಿಕೊಂಡು ಬಂದಿದೆ ಮಹಾರಾಯ, ಅದರಾಚೆ ಸಮುದ್ರ, ಸಮುದ್ರದಾಚೆ ಕೆಬೆರ್ಹಾ ಊರು, ರನ್‌ವೇ ಮಾತ್ರ ಎದುರಿಗಿಲ್ಲ, ಬಲಕ್ಕೆ, ಸಹಪೈಲಟ್ ಲುಂಗಾನ ಮೂಗಿನ ಮುಂದಿದೆ, ಹೌದು, ಹಾಗೇ ಇರಬೇಕು, ಎಡದಿಂದ ಗಾಳಿ ನೂಕುವಾಗ ವಿಮಾನದ ಮೂತಿಯನ್ನು ಗಾಳಿಯ ಕಡೆಗೇ ತಿರುಗಿಸಿಕೊಂಡು ಏಡಿಯ ಹಾಗೆ ಅಡ್ಡಡ್ಡ ಬರಬೇಕು, ಕ್ಯಾಪ್ಟನ್ ವುಯೆಲ್ವಾಳಿಗೆ ಅದನ್ನು ಯಾರೂ ಕಲಿಸಬೇಕಿರಲಿಲ್ಲ, ಈ ಊರಿನವಳು, ಶಾಲೆಗೆ ಹೋಗುವಾಗಲೇ ಗಾಳಿಗೆ ಹೆಗಲು ಕೊಟ್ಟು ಓರೆಯಾಗಿ ನಡೆದವಳು, ಆದರೂ ಈಗಷ್ಟೇ ಮೊದಲ ಸಲ ಇಳಿಸಹೋಗಿ ಎಡವಟ್ಟು ಮಾಡಿಕೊಂಡಳಲ್ಲ — ಅಮ್ಮನಿಂದ, ಎಲ್ಲಾ ಅಮ್ಮನಿಂದ, ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ಮಗಳ ವಿಮಾನದಲ್ಲಿ ಮೊದಲ ಸಲ, ಪಕ್ಕದಲ್ಲಿ ಚರ್ಚಿನ ಗುರುವಾರದ ಪ್ರಾರ್ಥನಾ ಸಂಘದ ಇಬ್ಬರು ಹೆಂಗಸರು, ಸಂಘದ ಕೆಂಪು ರವಿಕೆ, ಬಿಳಿ ಕಾಲರು, ಅವರ ಮುಂದೆ ಅಮ್ಮ ವರ್ಷಗಟ್ಟಲೆ ಕೊಚ್ಚಿಕೊಂಡದ್ದು ಒಂದೇ ಮಾತು, ನಮ್ಮ ವುಯೆಲ್ವಾ ಇಳಿಸಿದ್ರೆ ತೊಡೆ ಮೇಲೆ ಮಲಗಿರೋ ಕೂಸೂ ಏಳಲ್ಲ ಕಣ್ರೇ. ಆ ಮಾತೇ ಕೈಯಲ್ಲಿ ಬಂದು ಕೂತುಬಿಟ್ಟಿತು, ನೆಲ ಹತ್ತಿರವಾದಾಗ ಮೂತಿ ಎತ್ತಿ ಹಿಡಿದಳು, ಇನ್ನೂ ಸ್ವಲ್ಪ, ಇನ್ನೂ ಮೆತ್ತಗೆ, ವಿಮಾನ ಕೂರಲಿಲ್ಲ, ತೇಲಿತು, ಅದನ್ನೇ ಕಾಯುತ್ತಿದ್ದ ಗಾಳಿ ಬಲಕ್ಕೆ ತಳ್ಳಿತು, ರನ್‌ವೇಯ ನಡುವಿನ ಬಿಳಿ ಗೆರೆ ಎಡಕ್ಕೆ ಜಾರಿ ಹೋಗುತ್ತಿತ್ತು, ಅಕ್ಕಾ, ಗೆರೆ, ಎಂದ ಲುಂಗಾ, ಅಷ್ಟರಲ್ಲಿ ಅವಳ ಕೈ ಇಂಜಿನ್‌ಗಳಿಗೆ ಪೂರ್ತಿ ಬಲ ಕೊಟ್ಟಾಗಿತ್ತು, ಮೇಲಕ್ಕೆ. ಮೇಲಕ್ಕೆ ಹೋದದ್ದಕ್ಕೆ ನಾಚಿಕೆಯಿಲ್ಲ, ಹೆಮ್ಮೆಯೇ, ನಾಚಿಕೆಯೆಲ್ಲ ಆ ಮೆತ್ತಗಿನ ಆಸೆಯದು, ಅಡ್ಡಗಾಳಿಯಲ್ಲಿ ಗಾಲಿ ಧಪ್ಪನೆ ಕೂತು ನೆಲ ಕಚ್ಚಬೇಕು, ಮೆತ್ತಗೆ ಇಳಿಸಹೊರಟವನು ಪೈಲಟ್ಟಲ್ಲ, ಶೋಕಿಲಾಲ, ಹಾಗಂತ ತಾನೇ ಎಷ್ಟು ಹೊಸಬರ ಕಿವಿ ಹಿಂಡಿಲ್ಲ.

ಇನ್ನೊಂದೇ ಸಲ, ಇದೂ ತಪ್ಪಿದರೆ ಇದೇ ಕರಾವಳಿಯ ಮುಂದಿನ ಊರು ಈಸ್ಟ್ ಲಂಡನ್‌ಗೆ ಹೋಗಿ ಇಳಿಯಬೇಕು, ಇಂಧನ ಅಷ್ಟೇ ಇದೆ, ಲುಂಗಾ ಗಂಟಲು ಸರಿಮಾಡಿಕೊಂಡ, ಅಕ್ಕಾ, ಈ ಸಲ ಅಮ್ಮನ ಮಗಳು ಇಳಿಸ್ತಾಳೋ, ಕ್ಯಾಪ್ಟನ್ ಇಳಿಸ್ತಾಳೋ — ಬಾಯ್ಮುಚ್ಕೊಂಡು ವೇಗ ನೋಡೋ ತಮ್ಮಾ, ಎಂದಳು, ನಗು ಬಂತು, ನಗುವಿನ ಹಿಂದೆಯೇ ಸಂಕಟ, ಧಪ್ಪೆನ್ನಿಸಿದರೆ ಆ ಹೆಂಗಸರು ಊರೆಲ್ಲ ಆಡಿಕೊಂಡು ನಗುತ್ತಾರೆ, ಅಮ್ಮ ಅವರ ಮುಂದೆ ತಲೆ ತಗ್ಗಿಸುತ್ತಾಳೆ, ತಗ್ಗಿಸಲಿ, ಜೀವವಾದರೂ ಇರುತ್ತದಲ್ಲ ತಗ್ಗಿಸಲಿಕ್ಕೆ, ಈಗ ಅಲೆಯ ನೊರೆ, ಈಗ ರಸ್ತೆ, ಈಗ ಬೇಲಿ, ಬಲಗಾಲಿನಿಂದ ಪೆಡಲು ಒತ್ತು, ಮೂತಿ ನೆಟ್ಟಗೆ, ಎಡ ರೆಕ್ಕೆ ತುಸು ಕೆಳಗೆ, ಗಾಳಿಗೆ ಹೆಗಲು, ಬಿಳಿ ಗೆರೆ ನಡುವಿಗೆ ಬಂತು, ಎತ್ತಬೇಡ, ಎತ್ತಬೇಡ ಕಣೇ, ಬಿಡು — ಧಪ್, ಎಡಗಾಲಿ, ಆಮೇಲೆ ಬಲಗಾಲಿ, ಹಿಂದೆ ಯಾರೋ ಕಿರುಚಿದರು, ವಿಮಾನ ನೆಲ ಕಚ್ಚಿ ಓಡುತ್ತಿದೆ, ಗಾಳಿ ಏನೂ ಮಾಡಲಾರದೆ ಪಕ್ಕೆಗೆ ಗುದ್ದುತ್ತಿದೆ, ಅಡ್ಡಿಯಿಲ್ಲ ಅಕ್ಕಾ, ಎಂದ ಲುಂಗಾ, ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತು ಬರುವುದಿಲ್ಲ.

ವಿಮಾನ ನಿಂತಿದೆ, ಕಾಕ್‌ಪಿಟ್ಟಿನ ಬಾಗಿಲು ತೆರೆದಿದೆ, ಎದ್ದು ಹೋಗಿ ಅಮ್ಮನ ಮುಖ ನೋಡುವ ಧೈರ್ಯ ಇವಳಿಗಿಲ್ಲ, ಕೆಂಪು ರವಿಕೆಯೊಂದು ನರಳುವುದು ಕೇಳುತ್ತಿದೆ, ಅಯ್ಯೋ ನನ್ ಸೊಂಟ, ಇದೇನಮ್ಮಾ ನಿನ್ ಮಗಳು ಮೆತ್ತಗೆ ಇಳಿಸೋದು, ಮತ್ತೆ ಅಮ್ಮನ ದನಿ, ಇಡೀ ವಿಮಾನಕ್ಕೆ ಕೇಳುವ ಹಾಗೆ, ಗಾಳಿ ಜೊತೆ ಜಗಳ ಆಡಿ ಗೆದ್ದು ಬಂದೋಳು ಬಾಗಿಲು ಮೆಲ್ಲಗೆ ಹಾಕ್ತಾಳೇನೇ, ಸುಮ್ನೆ ನಡಿ — ಆಮೇಲೆ ಕಾಕ್‌ಪಿಟ್ಟಿನ ಬಾಗಿಲಲ್ಲೇ ನಿಂತು, ಮಾಂಭೇಲೆ, ಎಂದು ಕರೆದಳು, ಅಪ್ಪನ ಕುಲದ ಹೆಸರು, ತಲೆ ನರೆತ ದೊಡ್ಡ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಹೆಸರು, ಹೆತ್ತವಳು ಇವತ್ತಿನವರೆಗೆ ಒಮ್ಮೆಯೂ ಹಾಗೆ ಕರೆದವಳಲ್ಲ, ಏನಮ್ಮಾ ಎನ್ನಬೇಕು, ತಿರುಗಬೇಕು, ಆದರೆ ಕಣ್ಣು ತುಂಬಿದೆ, ತುಂಬಿದ ಕಣ್ಣಲ್ಲಿ ಆ ಬಿಳಿ ಗೆರೆ, ನೆಟ್ಟಗೆ, ನಟ್ಟನಡುವೆ, ಬಿಳಿ ಗೆರೆ